ಗಾಜಿನ ತೊಟ್ಟಿಗೆ ಸಾಧುಮೀನುಗಳು

ಕೆರೆಯಲ್ಲಿ ಹೆದರಿದ ಮೀನು ದೂರ ಓಡಬಲ್ಲದು. ಗಾಜಿನ ತೊಟ್ಟಿಯಲ್ಲಿ ಅದಕ್ಕೆ ಓಡಲು ಎಡೆಯಿಲ್ಲ. ಆದಕಾರಣ ಕೂಡಿ ಬಾಳುವ ಮೀನುಗಳನ್ನು ಆರಿಸುವ ಹೊಣೆಯು ಸಾಕುವವರಾದ ನಮ್ಮದು. ಬರಿಯ ಬಣ್ಣವನ್ನು ನೋಡಿ ಕೊಳ್ಳುವುದು ಯುಕ್ತವಲ್ಲ.

60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯು ಸುಮಾರು 54 ಲೀಟರ್ ನೀರನ್ನು ಹಿಡಿಯುವುದು. ಇದಕ್ಕೆ ನಮ್ಮ ದೇಶದ ತೊರೆಗಳಲ್ಲಿಯೇ ಇರುವ ಜೀಬ್ರಾ ಮೀನು ತಕ್ಕದ್ದು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಅವರೇ, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರ ತಮ್ಮ ಗ್ರಂಥದಲ್ಲಿ ಇದನ್ನು ವರ್ಣಿಸಿದರು. ಇದು ಗುಂಪಿನಲ್ಲಿ ಬಾಳುವ ಜೀವಿ. ಆರಕ್ಕೆ ಕಡಿಮೆ ಇಡಬಾರದು. ಒಂಟಿಯಾದರೆ ಇದೇ ಸಾಧುಮೀನು ಕಳವಳಗೊಂಡು ಇತರ ಮೀನುಗಳನ್ನು ಅಟ್ಟುವುದುಂಟು.

ಜೊತೆಗೆ ಮೂರುನಾಲ್ಕು ಗಂಡು ಗಪ್ಪಿಗಳನ್ನು ಇಡಬಹುದು. ಹೆಣ್ಣುಗಳನ್ನೂ ಸೇರಿಸಿದರೆ ಮರಿಗಳಿಂದ ತೊಟ್ಟಿಯು ಬೇಗನೆ ಕಿಕ್ಕಿರಿಯುವುದು.

ದೂರವಿಡತಕ್ಕವುಗಳೂ ಇವೆ. ಟೈಗರ್ ಬಾರ್ಬ್ ಮೀನು ಗಪ್ಪಿಯ ನೀಳವಾದ ಬಾಲವನ್ನು ಕಚ್ಚಿ ಹರಿಯುವುದು. ಸಯಾಮಿನ ಕಾಳಗದ ಮೀನುಗಳಲ್ಲಿ ಎರಡು ಗಂಡುಗಳು ಒಂದೆಡೆ ಇರಲಾರವು. ಏಂಜೆಲ್ ಮೀನು ಮರಿಯಾಗಿರುವಾಗ ಸೌಮ್ಯವಾಗಿ ಕಂಡರೂ, ಬೆಳೆದ ಮೇಲೆ ಬಾಯಿಗೆ ಹಿಡಿಯುವ ಚಿಕ್ಕ ಮೀನನ್ನು ನುಂಗುವುದು. ಹೀಗಿರುವಲ್ಲಿ ಅಂಗಡಿಯಲ್ಲಿ ಕಂಡ ಗಾತ್ರವನ್ನಲ್ಲ, ಪೂರ್ಣವಾಗಿ ಬೆಳೆದಾಗಿನ ಗಾತ್ರವನ್ನು ವಿಚಾರಿಸಬೇಕು.

ಎಲ್ಲವನ್ನೂ ಒಂದೇ ದಿನ ತುಂಬಬಾರದು. ಮೀನಿನ ಮಲದಿಂದ ಹುಟ್ಟುವ ಅಮೋನಿಯವು ವಿಷ. ಅದನ್ನು ಪರಿವರ್ತಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಕೆಲವು ವಾರಗಳು ಬೇಕು. ಬೇಡವಾದ ಮೀನನ್ನು ಕೆರೆಗೆ ಬಿಡದೆ, ಸಾಕಬಲ್ಲವರಿಗೆ ಒಪ್ಪಿಸಬೇಕು. ಮಕ್ಕಳು ಈ ವಿಚಾರಣೆಯನ್ನು ಮೊದಲು ಮಾಡಿ, ಅನಂತರ ಅಂಗಡಿಗೆ ಹೋಗುವುದು ಲೇಸು.