ಹಳಿ ತಪ್ಪಿದಾಗ ಬರುವ ಕ್ರೇನು

ಪ್ರಶ್ನೆ: ಅಪಘಾತ ಸ್ಥಳಕ್ಕೆ ಬರುವ ರೈಲ್ವೆ ಕ್ರೇನಿನ ಸಾಮರ್ಥ್ಯ 140 ಟನ್ ಅನ್ನುತ್ತಾರೆ. ಡಬ್ಲ್ಯುಎಪಿ-7 ಎಂಜಿನ್ನಿನ ತೂಕ 123 ಟನ್. ಮತ್ತೆ ಎರಡೆರಡು ಕ್ರೇನು ತರಿಸುವುದು ಯಾಕೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ

ಉತ್ತರ: ಆ 140 ಅನ್ನು ನಂಬಿ ಕೊಕ್ಕೆ ಹಾಕಿದರೆ ಕೆಟ್ಟಿರಿ. ಕ್ರೇನು ಇಕ್ಕೆಲದ ಔಟ್‌ರಿಗರ್ (ಆಧಾರದ ಕಾಲು) ಚಾಚಿ, ಗಟ್ಟಿ ನೆಲಕ್ಕೆ ಒತ್ತುಕೊಟ್ಟು ನಿಂತು, ತೀರ ಹತ್ತಿರದ ಭಾರ ಎತ್ತುವಾಗ ಮಾತ್ರ ಆ ಲೆಕ್ಕ. ತೋಳು ದೂರ ಚಾಚಿದಷ್ಟೂ ತಾಕತ್ತು ಇಳಿಯುತ್ತದೆ. ಎಷ್ಟು ಮೀಟರಿಗೆ ಎಷ್ಟು ಟನ್ ಎಂಬುದು ಆಪರೇಟರ್ ಕೈಗೆಟಕುವ ಲೋಡ್ ಚಾರ್ಟ್‌ನಲ್ಲಿ ಇರುತ್ತದೆ. ಔಟ್‌ರಿಗರ್ ಊರಿದಾಗ ಒಂದು ಪಟ್ಟಿ, ಬರೀ ಚಕ್ರದ ಮೇಲಿದ್ದಾಗ ಇನ್ನೊಂದು. ನಮ್ಮ ಕೊಂಕಣ ಮಾರ್ಗದ ಎತ್ತರದ ಏರಿಗಳಲ್ಲಿ, ಗುಡ್ಡ ಸೀಳಿದ ಕಣಿವೆಗಳಲ್ಲಿ ಔಟ್‌ರಿಗರ್ ಚಾಚಲು ಜಾಗವೇ ಸಿಗದಿದ್ದರೆ 140ಕ್ಕೆ ಕಿಮ್ಮತ್ತಿಲ್ಲ. ಆದ್ದರಿಂದಲೇ ಎಂಜಿನ್ನಿನ ಎರಡೂ ತುದಿಗೆ ಒಂದೊಂದು ಕ್ರೇನು. ಕೊಕ್ಕೆ, ಸ್ಲಿಂಗುಗಳ ಮೇಲೂ ‘ಎಸ್‌ಡಬ್ಲ್ಯುಎಲ್’ ಎಂದು ಅವುಗಳದ್ದೇ ಮಿತಿ ಬರೆದಿರುತ್ತದೆ. ಇವಿಷ್ಟರಲ್ಲಿ ಯಾವುದು ಕಡಿಮೆಯೋ ಅದೇ ಕೊನೆಯ ಮಾತು. ಅಂದ ಹಾಗೆ, ನಾಲ್ಕು ಚಕ್ರ ಇಳಿದ ಮಾತ್ರಕ್ಕೆ ಕ್ರೇನು ಬರಬೇಕೆಂದೇನಿಲ್ಲ. ಹೈಡ್ರಾಲಿಕ್ ಜಾಕಿನಲ್ಲೇ ಎತ್ತಿ ಹಳಿಗೆ ಕೂರಿಸುವುದೇ ಹೆಚ್ಚು.

ಪ್ರಶ್ನೆ: ನಮ್ಮೂರಿಗೆ ರೈಲೇ ಇಲ್ಲ. ಮೊಮ್ಮಗನಿಗೆ ರಟ್ಟಿನ ಕ್ರೇನು ಮಾಡಿಕೊಡುತ್ತಿದ್ದೇನೆ. ಅದರ ಮೇಲೆ ಏನೇನು ಬರೆಯಲಿ?
— ನಿವೃತ್ತ ಶಿಕ್ಷಕ, ಕಾರ್ಕಳ

ಉತ್ತರ: ಮೊದಲು ಯಾರ ಸೊತ್ತು ಎಂಬ ಅಕ್ಷರ. ಕೊಂಕಣ ರೈಲ್ವೆಯದಾದರೆ ‘ಕೆಆರ್’, ನೈರುತ್ಯ ರೈಲ್ವೆಯದಾದರೆ ‘ಎಸ್‌ಡಬ್ಲ್ಯುಆರ್’. ಆಮೇಲೆ ನಂಬರು, ತೂಕ, ‘ಪಿಒಎಚ್’ ಎಂದು ದೊಡ್ಡ ರಿಪೇರಿಯ ತಾರೀಖು. ತಯಾರಕರ ಫಲಕವೂ ಇರಲಿ: ಇಂಗ್ಲೆಂಡಿನ ಕೌವನ್ಸ್ ಶೆಲ್ಡನ್, ಜರ್ಮನಿಯ ಗಾಟ್‌ವಾಲ್ಡ್ ಅಥವಾ ಬಿಹಾರದ ಜಮಾಲ್‌ಪುರ ವರ್ಕ್‌ಶಾಪು, ಯಾವುದಾದರೂ ಸರಿ. ಓಡಾಟದಲ್ಲಿ ತೋಳು ಮುಂದಕ್ಕೆ ಚಾಚಿಕೊಳ್ಳುವುದರಿಂದ ಅದರಡಿಗೊಂದು ಚಪ್ಪಟೆ ವ್ಯಾಗನ್ ಬೇಕು. ಅದನ್ನು ಬಿಟ್ಟರೆ ನಿಮ್ಮ ಕ್ರೇನು ರೈಲಿಗೆ ಸೇರುವುದಿಲ್ಲ!

ಪ್ರಶ್ನೆ: ಇನ್ನಂಜೆ, ಪಡುಬಿದ್ರಿ ಕಡೆ ಏನಾದರೂ ಆದರೆ ಸಹಾಯ ಎಲ್ಲಿಂದ ಬರುತ್ತದೆ?
— ಓದುಗರು, ಕಾಪು

ಉತ್ತರ: ಕೊಂಕಣ ರೈಲ್ವೆಯ ಅಪಘಾತ ಪರಿಹಾರ ರೈಲು ಇರುವುದು ಗೋವಾದ ವೆರ್ಣದಲ್ಲಿ, 15 ನಿಮಿಷದೊಳಗೆ ಹೊರಡಲು ಸಜ್ಜಾಗಿರಬೇಕು. ಆಪರೇಷನ್ ಥಿಯೇಟರ್ ಇರುವ ವೈದ್ಯಕೀಯ ವ್ಯಾನುಗಳು ವೆರ್ಣ ಮತ್ತು ರತ್ನಾಗಿರಿಯಲ್ಲಿವೆ. ನಿಮಗೆ ಮಂಗಳೂರೇ ಹತ್ತಿರ, ಹಾಗಾಗಿ ಅಲ್ಲಿನ ದಕ್ಷಿಣ ರೈಲ್ವೆಯ ನೆರವನ್ನೂ ಕೇಳಬಹುದು. 2022ರಲ್ಲಿ ರೋಹಾದಿಂದ ತೋಕೂರಿನವರೆಗೆ ವಿದ್ಯುದೀಕರಣ ಮುಗಿದ ಮೇಲೆ ಕೆಲಸ ಒಂದು ಹೆಚ್ಚಾಗಿದೆ. ಮೇಲಿನ ತಂತಿಯ ಕರೆಂಟು ತೆಗೆದು, ಅದನ್ನು ಬದಿಗೆ ಸರಿಸುವ ತನಕ ಕ್ರೇನು ತೋಳೆತ್ತುವ ಹಾಗಿಲ್ಲ.