ದೂರಸಭೆಗಳಲ್ಲಿ ರೈತರು ಪಾಲುಗೊಳ್ಳುವಂತೆ ಮಾಡುವ ಕ್ರಮ

ಊರ ಅರಳೀಕಟ್ಟೆಯಲ್ಲಿ ಮೂವತ್ತು ನಾಲ್ವತ್ತು ಮಂದಿ ರೈತರನ್ನು ಕೂಡಿಸಿ ಬೋಧಿಸುವಾಗ, ಹೇಳಿದ್ದು ಅವರಿಗೆ ತಿಳಿಯಿತೋ ಇಲ್ಲವೋ ಎಂಬುದು ಮುಖ ನೋಡಿದ ಮಾತ್ರಕ್ಕೆ ಗೊತ್ತಾಗುವುದು. ೨೦೨೦ನೆಯ ಇಸವಿಯಲ್ಲಿ ಕೊರೋನಾ ಪಿಡುಗಿನಿಂದ ಜನರು ಒಂದೆಡೆ ಸೇರುವುದು ನಿಂತುಹೋದ ಮೇಲೆ, ಮೊಬೈಲಿನ ಮೂಲಕ ಆನ್‌ಲೈನ್ ಸಭೆ ನಡೆಸುವ ರೂಢಿಯು ಬೇಸಾಯದ ಬೋಧನೆಯಲ್ಲಿಯೂ ಬೆಳೆಯಿತು. ಇಂತಹ ಸಭೆಗೆ ಸಾವಿರ ಮಂದಿ ಸೇರಬಹುದು. ಆದರೆ ಉಪನ್ಯಾಸಕರಿಗೆ ಅವರ ಮುಖ ಕಾಣದು. ಸೇರಿದವರ ಸಂಖ್ಯೆಯಿಂದಲೇ ಸಭೆಯು ಸಾರ್ಥಕವಾಯಿತೆಂದು ತಿಳಿಯುವುದು, ಬಿತ್ತಿದ ಬೀಜವನ್ನು ಅಳೆದು ಫಸಲನ್ನು ಲೆಕ್ಕ ಹಾಕಿದಂತೆ ಆಗುವುದು.

ಇದರಿಂದಾಗುವ ನಷ್ಟವು ಅಲ್ಪವಾದುದಲ್ಲ. ಮುಸುಕಿನ ಜೋಳದ ಫಾಲ್ ಸೈನಿಕ ಹುಳುವನ್ನೇ ತೆಗೆದುಕೊಳ್ಳೋಣ. ಭಾರತದಲ್ಲಿ ಇದು ಮೊದಲು ಕಂಡುಬಂದುದು ೨೦೧೮ರಲ್ಲಿ, ಶಿವಮೊಗ್ಗದ ಕಡೆಯಲ್ಲಿ. ಇದಕ್ಕೆ ಶಿಫಾರಸಾಗಿರುವ ಔಷಧಗಳಲ್ಲಿ ಒಂದಾದ ಶೇಕಡ ೫ರ ಎಮಾಮೆಕ್ಟಿನ್ ಬೆಂಜೊಯೇಟನ್ನು ಲೀಟರು ನೀರಿಗೆ ೦.೪ ಗ್ರಾಂನಂತೆ ಬೆರೆಸಿ, ಸುಳಿಯೊಳಗೆ ಬೀಳುವಂತೆ ಸಿಂಪಡಿಸಬೇಕು. ಧ್ವನಿಯು ನಡುವೆ ಕಡಿದು, ಕೇಳುವವನ ಕಿವಿಗೆ “ನಾಲ್ಕು” ಎಂಬುದು ಮಾತ್ರ ಬಿದ್ದರೆ ಔಷಧವು ಹತ್ತು ಪಟ್ಟಾಗುವುದು. ಹಣವೂ ಹಾಳು, ಸಿಂಪಡಿಸುವವನ ಮೈಗೂ ಕೇಡು. ಕಟ್ಟೆಯ ಮೇಲಾದರೆ ಪಕ್ಕದವನನ್ನು ಕೇಳಿ ತಿದ್ದಿಕೊಳ್ಳುತ್ತಿದ್ದನು. ಮೊಬೈಲಿನ ಮುಂದೆ ಒಬ್ಬನೇ ಕುಳಿತವನು ಯಾರನ್ನು ಕೇಳಬೇಕು?

ಈ ತೊಡಕು ಹೊಸದಲ್ಲ. ರೇಡಿಯೋ ಕಾಲದಲ್ಲಿಯೇ ಇದಕ್ಕೊಂದು ಪರಿಹಾರವನ್ನು ಕಂಡುಕೊಂಡಿದ್ದರು. ೧೯೫೬ರಲ್ಲಿ ಆಕಾಶವಾಣಿಯು ಯುನೆಸ್ಕೋ ಸಂಸ್ಥೆಯ ಸಹಾಯದಿಂದ ಅಂದಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳಲ್ಲಿ ಸುಮಾರು ೧೫೦ ಗ್ರಾಮಗಳನ್ನು ಆರಿಸಿ, ಊರಿಗೊಂದು ಶ್ರೋತೃಕೂಟವನ್ನು ಏರ್ಪಡಿಸಿತು. ವಾರಕ್ಕೆರಡು ಸಲ ಅರ್ಧ ಗಂಟೆಯ ಕಾರ್ಯಕ್ರಮವನ್ನು ಹದಿನೈದಿಪ್ಪತ್ತು ಮಂದಿ ಒಟ್ಟಿಗೆ ಕೇಳಿ, ತಮ್ಮೊಳಗೆ ಚರ್ಚಿಸಿ, ಸಂದೇಹಗಳನ್ನು ನಿಲಯಕ್ಕೆ ಬರೆದು ಕಳುಹಿಸುತ್ತಿದ್ದರು. ಅವುಗಳಿಗೆ ಉತ್ತರವು ಮುಂದಿನ ಪ್ರಸಾರಗಳಲ್ಲಿ ಬರುತ್ತಿದ್ದಿತು. ಪರೀಕ್ಷಿಸಿ ನೋಡಿದಾಗ, ರೇಡಿಯೋ ಮಾತ್ರವಿದ್ದು ಕೂಟವಿಲ್ಲದ ಊರುಗಳಿಗಿಂತ ಕೂಟವಿದ್ದ ಊರುಗಳವರ ತಿಳಿವಳಿಕೆಯು ಬಹಳ ಹೆಚ್ಚಿದ್ದಿತು. ಯಂತ್ರವು ಎರಡೂ ಕಡೆ ಒಂದೇ, ಭೇದವನ್ನುಂಟುಮಾಡಿದುದು ಕೂಟ.

ಇದನ್ನು ಅನುಸರಿಸಿ, ದೂರಸಭೆ ನಡೆಸುವವರು ಕೆಳಗಿನ ಕ್ರಮಗಳನ್ನು ಕೈಕೊಳ್ಳುವುದು ಉಚಿತ.

೧. ಸಾಧ್ಯವಾದ ಊರುಗಳಲ್ಲೆಲ್ಲ ಪಂಚಾಯಿತಿಯ ಕೊಠಡಿಯಲ್ಲಿಯೋ ಹಾಲಿನ ಡೈರಿಯಲ್ಲಿಯೋ ಹದಿನೈದಿಪ್ಪತ್ತು ಮಂದಿಯನ್ನು ಒಂದೇ ಪರದೆಯ ಮುಂದೆ ಕೂಡಿಸಿ, ಬರಹಬಲ್ಲ ಒಬ್ಬರನ್ನು ಸಂಚಾಲಕರನ್ನಾಗಿ ಮಾಡತಕ್ಕದ್ದು. ಕಳೆ ಕೀಳುವ, ಬೀಜ ಕಾಯ್ದಿಡುವ ಹೆಂಗಸರಲ್ಲಿ ಅನೇಕರಿಗೆ ಸ್ವಂತ ಮೊಬೈಲಿಲ್ಲ. ಅವರಿಗೂ ಇದರಿಂದ ಅವಕಾಶವಾಗುವುದು.

೨. ಸಭೆಗೆ ಮೂರು ನಾಲ್ಕು ದಿನ ಮುಂಚೆಯೇ ಸಂಚಾಲಕರಿಂದ ಪ್ರಶ್ನೆಗಳನ್ನು ತರಿಸಿಕೊಂಡು, ಅವುಗಳ ಮೇಲೆಯೇ ಉಪನ್ಯಾಸವನ್ನು ಕಟ್ಟಬೇಕು.

೩. ಒಂದೇ ಸಮನೆ ಹತ್ತು ನಿಮಿಷಕ್ಕಿಂತ ಹೆಚ್ಚು ಮಾತನಾಡಬಾರದು. ಬಳಿಕ ಸ್ವಲ್ಪ ಹೊತ್ತು ಉಪನ್ಯಾಸವನ್ನು ನಿಲ್ಲಿಸಿ, ಕೂಟಗಳು ತಮ್ಮೊಳಗೆ ಚರ್ಚಿಸಲು ಬಿಡಬೇಕು.

೪. ಔಷಧ, ಗೊಬ್ಬರಗಳ ಅಳತೆಯನ್ನು ಬಾಯಲ್ಲಿ ಹೇಳುವುದರ ಜೊತೆಗೆ ಪರದೆಯ ಮೇಲೆ ಬರೆದು ತೋರಿಸಬೇಕು. “ತಿಳಿಯಿತೆ?” ಎಂದರೆ ಎಲ್ಲರೂ “ಹೌದು” ಎನ್ನುವರು. ಅದರ ಬದಲು, “೧೫ ಲೀಟರಿನ ಕ್ಯಾನಿಗೆ ಎಷ್ಟು ಔಷಧ?” ಎಂದು ನಾಲ್ಕಾರು ಕೂಟಗಳನ್ನು ಕೇಳಿ. ೬ ಗ್ರಾಂ ಎಂದರೆ ಸರಿ. ೬೦ ಎಂದರೆ ತಪ್ಪು ಅಲ್ಲಿಯೇ ಬಯಲಾಗುವುದು.

೫. ಬಂದ ಪ್ರಶ್ನೆಗಳನ್ನು ಆಯ್ದು ಓದುವುದಕ್ಕೆ ಉಪನ್ಯಾಸಕರಲ್ಲದೆ ಮತ್ತೊಬ್ಬರಿರಬೇಕು. ಕೇಳಿದವರ ಊರಿನ ಹೆಸರನ್ನು ಹೇಳಿ ಉತ್ತರ ಕೊಟ್ಟರೆ, ಉಳಿದ ಊರಿನವರಿಗೂ ಕೇಳುವ ಧೈರ್ಯ ಬರುವುದು. ಉಳಿದ ಪ್ರಶ್ನೆಗಳಿಗೆ ಮುಂದಿನ ಸಭೆಯ ಮೊದಲಲ್ಲಿಯೇ ಉತ್ತರವಿರಲಿ.

೬. ಎರಡು ವಾರಗಳ ತರುವಾಯ, ಹೊಲದಲ್ಲಿ ಎಷ್ಟು ಮಂದಿ ಏನು ಮಾಡಿದರು, ಫಲವೇನಾಯಿತು ಎಂಬುದನ್ನು ಸಂಚಾಲಕರಿಂದ ತಿಳಿದುಕೊಳ್ಳಬೇಕು. ಸಭೆಯ ನಿಜವಾದ ಲೆಕ್ಕವು ಇದೇ.

ರೈತಬಾಂಧವರಿಗೂ ಒಂದು ಮಾತು. ನಿಮಗಿರುವ ಸಂದೇಹವೇ ಇನ್ನೂ ಹತ್ತು ಊರಿನವರಿಗೆ ಇದ್ದೀತು. ತಿಳಿಯದಿದ್ದರೆ ಮತ್ತೊಮ್ಮೆ ಹೇಳಿಸಿಕೊಳ್ಳಲು ಸಂಕೋಚಪಡಬೇಡಿರಿ. ಉಪನ್ಯಾಸಕರಿಗೆ ನಿಮ್ಮ ಹೊಲವು ಕಾಣುವುದು ನಿಮ್ಮ ಪ್ರಶ್ನೆಯಿಂದಲೇ.