ಕುದುರೆ ಬಾಲಕ್ಕೆ ಕಟ್ಟುವ ಮುನ್ನ

ರೇಸ್ ಪುಸ್ತಕದಲ್ಲಿ ಒಂದು ಕುದುರೆಯ ಹೆಸರಿನ ಪಕ್ಕ 1, 1, 2 ಎಂದಿದ್ದರೆ ಹೆಚ್ಚಿನವರ ಬೆರಳು ಅಲ್ಲೇ ನಿಲ್ಲುತ್ತದೆ. ಹಿಂದಿನ ಮೂರು ಓಟಗಳಲ್ಲಿ ಎರಡು ಗೆಲುವು, ಒಂದು ಎರಡನೇ ಸ್ಥಾನ, ಇನ್ನೇನು ಬೇಕು? ಬಹಳಷ್ಟು ಬೇಕು. ಆ ಓಟಗಳು ಯಾವ ದರ್ಜೆಯವು, ಆಗ ಕುದುರೆಯ ಬೆನ್ನ ಮೇಲೆ ಎಷ್ಟು ಕಿಲೋ ಇತ್ತು, ಸೋತವುಗಳು ಎಂಥವು, ಇಂದು ಭಾರ ಎಷ್ಟು ಏರಿದೆ ಎಂಬುದನ್ನು ನೋಡದೆ ನಾನು ಆ ಅಂಕಿಗಳನ್ನು ಫಾರ್ಮ್ ಎಂದು ಒಪ್ಪುವುದಿಲ್ಲ. ಬೆಂಗಳೂರು ಟರ್ಫ್ ಕ್ಲಬ್ಬಿನ ಗ್ಯಾಲರಿಯಲ್ಲಿ ವರ್ಷಗಟ್ಟಲೆ ಪೆನ್ಸಿಲ್ ಹಿಡಿದು ಕೂತವನ ಮಾತಿದು.

ನಮ್ಮಲ್ಲಿನ ಹೆಚ್ಚಿನ ಓಟಗಳು ಹ್ಯಾಂಡಿಕ್ಯಾಪ್ ಓಟಗಳು. ಪ್ರತಿ ಕುದುರೆಗೂ ಒಂದು ರೇಟಿಂಗ್. 00ರಿಂದ 25, 20ರಿಂದ 45, 40ರಿಂದ 65 ಹೀಗೆ ಗುಂಪು ಮಾಡಿ ಓಡಿಸುತ್ತಾರೆ. ರೇಟಿಂಗಿನ ಒಂದೊಂದು ಅಂಕಕ್ಕೂ ಅರ್ಧ ಕಿಲೋ ಭಾರ. ಗೆದ್ದರೆ ರೇಟಿಂಗ್ ಏರುತ್ತದೆ, ಸೋಲುತ್ತಾ ಹೋದರೆ ಇಳಿಯುತ್ತದೆ. ಎಲ್ಲ ಕುದುರೆಗಳೂ ಗೆರೆಯನ್ನು ಒಟ್ಟಿಗೇ ಮುಟ್ಟಬೇಕು ಎಂಬುದು ಹ್ಯಾಂಡಿಕ್ಯಾಪರನ ಗುರಿ. ಅವನ ಲೆಕ್ಕ ಎಲ್ಲಿ ಸ್ವಲ್ಪ ಹಿಂದುಳಿದಿದೆ ಎಂದು ಹುಡುಕುವುದೇ ನಮ್ಮ ಕೆಲಸ.

ಹೋದ ತಿಂಗಳ 1600 ಮೀಟರ್ ಓಟವೊಂದನ್ನು ಊಹಿಸಿಕೊಳ್ಳಿ. ಒಂದು ಕುದುರೆ ಗೆದ್ದಿತು, ಇನ್ನೊಂದು ಎರಡು ಲೆಂತ್, ಅಂದರೆ ಎರಡು ಕುದುರೆಯುದ್ದ, ಹಿಂದೆ ಬಂತು. ಎರಡಕ್ಕೂ 57 ಕಿಲೋ. ಗೆದ್ದದ್ದರ ರೇಟಿಂಗ್ ಆರು ಅಂಕ ಏರಿತು, ಅಂದರೆ ಮೂರು ಕಿಲೋ. ಈ ವಾರ ಅದೇ ದೂರಕ್ಕೆ ಅವು ಮತ್ತೆ ಎದುರುಬದುರಾದರೆ ಒಂದಕ್ಕೆ 60, ಇನ್ನೊಂದಕ್ಕೆ 57. 1600 ಮೀಟರಿಗೆ ಒಂದು ಲೆಂತ್ ಎಂದರೆ ಹತ್ತಿರ ಹತ್ತಿರ ಒಂದು ಕಿಲೋ ಎಂಬುದು ಹಳೆಯ ಅಂದಾಜು. 1000 ಮೀಟರಿನ ಓಟಕ್ಕಾದರೆ ಒಂದೂವರೆ ಕಿಲೋ ಹಿಡಿಯಬೇಕು. 1600 ಮೀಟರಿನ ಲೆಕ್ಕದಲ್ಲಿ ಎರಡು ಲೆಂತಿನಿಂದ ಸೋತ ಕುದುರೆಯೇ ಈಗ ಒಂದು ಲೆಂತ್ ಮುಂದಿರಬೇಕು. ಜನರ ಹಣ ಮಾತ್ರ ಗೆದ್ದ ಕುದುರೆಯ ಮೇಲೇ ಹೋಗುತ್ತದೆ, ಏಕೆಂದರೆ ಅದರ ಹೆಸರಿನ ಪಕ್ಕ 1 ಇದೆ. ಫಾರ್ಮ್ ಓದುವುದರಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಜಾಗ ಇದು.

ಇದರ ಮೇಲೆ ಬೆಳಗಿನ ತಾಲೀಮಿನ ವರದಿ. ಔಟರ್ ಸ್ಯಾಂಡ್ ಎಂಬ ಹೊರಗಿನ ಮರಳು ಹಾದಿಯಲ್ಲಿ 1000 ಮೀಟರಿಗೆ 1-15 (1 ನಿಮಿಷ 15 ಸೆಕೆಂಡು), ಕೊನೆಯ 600ಕ್ಕೆ 44 ಎಂಬ ಬಗೆಯಲ್ಲಿ ಪತ್ರಿಕೆಗಳು ಕೊಡುತ್ತವೆ. ಕಾಲಕ್ಕಿಂತ ನಾನು ಪಕ್ಕದ ಟಿಪ್ಪಣಿ ನೋಡುತ್ತೇನೆ: ಸಲೀಸಾಗಿ ಓಡಿತೋ, ಒತ್ತಾಯಿಸಿ ಓಡಿಸಿದರೋ. ನೆಲವನ್ನೂ ನೋಡಬೇಕು: ಬೆಂಗಳೂರಿನ ಬೇಸಿಗೆ ಸೀಸನ್ ಹೆಸರಿಗೆ ಬೇಸಿಗೆ. ಜುಲೈನ ಡರ್ಬಿ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮೆತ್ತಗಾದ ನೆಲದಲ್ಲಿ ಹಿಂದೆ ಓಡಿದ್ದರ ದಾಖಲೆ ಆಗ ಉಳಿದೆಲ್ಲಕ್ಕಿಂತ ಬೆಲೆಯುಳ್ಳದ್ದು. ಜಾಕಿ ಬದಲಾವಣೆ, ಅಪ್ರೆಂಟಿಸ್ ಜಾಕಿಗೆ ಸಿಗುವ ಭಾರದ ರಿಯಾಯಿತಿ, ಡ್ರಾ (ಆರಂಭದ ಗೇಟಿನಲ್ಲಿ ಸಿಕ್ಕ ಜಾಗ) ಇವನ್ನು ಕೊನೆಗೆ ಸೇರಿಸಿಕೊಳ್ಳುತ್ತೇನೆ.

ಇಷ್ಟಾದ ಮೇಲೆ ಯಾವುದು ಗೆಲ್ಲುತ್ತದೆ ಎಂದು ನಾನು ಬರೆಯುವುದಿಲ್ಲ. ಪ್ರತಿ ಕುದುರೆಯ ಮುಂದೆ ಗೆಲ್ಲುವ ಸಾಧ್ಯತೆಯನ್ನು ಶೇಕಡಾದಲ್ಲಿ ಬರೆಯುತ್ತೇನೆ, ಒಟ್ಟು ನೂರಕ್ಕೆ ಕೂಡಬೇಕು. ದರ ನೋಡುವುದು ಆಮೇಲೆ. 6/4 (ನಾಲ್ಕು ಕಟ್ಟಿದರೆ ಆರು ಲಾಭ) ಎಂದರೆ ಶೇ 40, 4/1 ಎಂದರೆ ಶೇ 20. ಫೇವರಿಟ್‌ಗೆ ನಾನು 35 ಕೊಟ್ಟಿದ್ದು ಅದರ ದರ 6/4 ಇದ್ದರೆ, ಗೆಲ್ಲುವ ಸಾಧ್ಯತೆ ಅದಕ್ಕೇ ಹೆಚ್ಚಾದರೂ ಕಟ್ಟಲು ಅದು ದುಬಾರಿ. ಇನ್ನೊಂದಕ್ಕೆ 30 ಕೊಟ್ಟಿದ್ದು ದರ 4/1 ಇದ್ದರೆ ಅದು ಅಗ್ಗ. ಬುಕ್ಕಿಗಳ ದರಗಳನ್ನೆಲ್ಲ ಶೇಕಡಾ ಮಾಡಿ ಕೂಡಿದರೆ ನೂರು ದಾಟುತ್ತದೆ, ಆ ಹೆಚ್ಚುವರಿಯೇ ಅವರ ಪಾಲು. ಎಲ್ಲರ ಬಾಜಿಯನ್ನೂ ಒಟ್ಟುಗೂಡಿಸಿ ಗೆದ್ದವರಿಗೆ ಕೊಡುವ ಟೋಟ್‌ನಲ್ಲಾದರೆ ಹಂಚುವ ಮೊದಲೇ ಕ್ಲಬ್ಬು ತನ್ನ ಪಾಲು ಹಿಡಿಯುತ್ತದೆ.

ಜನರ ದರವನ್ನು, ಅಂದರೆ ಜನ ಕಟ್ಟುವ ಹಣದಿಂದ ಮೂಡುವ ದರವನ್ನು, ಹಗುರವಾಗಿ ಕಾಣಬಾರದು. ಹಾಂಗ್‌ಕಾಂಗಿನಲ್ಲಿ ಕಂಪ್ಯೂಟರ್ ಲೆಕ್ಕದಿಂದ ಗೆದ್ದ ಬಿಲ್ ಬೆಂಟರ್ 1994ರ ತಮ್ಮ ಪ್ರಬಂಧದಲ್ಲಿ, ತಾವು ಕಟ್ಟಿದ ಮಾದರಿಯ ಜೊತೆಗೆ ಜನರ ದರವನ್ನೂ ಬೆರೆಸಿದ ಬಗೆಯನ್ನು ವಿವರಿಸಿದ್ದಾರೆ. ನನ್ನ ಅಂಕಿಗೂ ಮಾರುಕಟ್ಟೆಯ ಅಂಕಿಗೂ ಬಹಳ ದೂರವಿದ್ದರೆ ನಾನು ಮೊದಲು ನನ್ನ ಲೆಕ್ಕವನ್ನೇ ಮರಳಿ ನೋಡುತ್ತೇನೆ. ಜನ ಎಡವುವ ಕಡೆಯೂ ಒಂದಿದೆ: 1949ರಲ್ಲೇ ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞರು ದೂರದ ದರದ, ಅಂದರೆ ಗೆಲ್ಲುವ ಸಾಧ್ಯತೆ ತೀರಾ ಕಡಿಮೆಯಿರುವ, ಕುದುರೆಗಳ ಮೇಲೆ ಜನ ಅರ್ಹತೆಗೆ ಮೀರಿ ಕಟ್ಟುತ್ತಾರೆಂದು ತೋರಿಸಿದ್ದರು. ಜಾಕ್‌ಪಾಟ್ ಕಿಟಕಿಗಳ ಮುಂದಿನ ಸಾಲು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಈಗ ತೆರಿಗೆಯ ವಿಚಾರ. ಹಣಕಾಸು ಅಂಕಣದಲ್ಲಿ ಇದನ್ನು ಹೇಳದೆ ಫಾರ್ಮ್ ಬಗ್ಗೆ ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಗೆದ್ದ ಹಣಕ್ಕೆ ಶೇ 30 ಆದಾಯ ತೆರಿಗೆ, ಮೇಲೆ ಸೆಸ್ ಶೇ 4. ಸೋತ ಹಣವನ್ನು ಗೆದ್ದದ್ದರಲ್ಲಿ ಕಳೆದು ತೋರಿಸಲು ಕಾನೂನು ಬಿಡುವುದಿಲ್ಲ.

ಮೇಲೆ ಅಗ್ಗ ಎಂದೆನಲ್ಲ, ಶೇ 30 ಸಾಧ್ಯತೆಯ 4/1 ಕುದುರೆ, ಅದನ್ನೇ ತೆಗೆದುಕೊಳ್ಳಿ. ತೆರಿಗೆ ಇಲ್ಲದಿದ್ದರೆ ಇಂಥ ನೂರು ಬಾಜಿಗೆ ತಲಾ ನೂರರಂತೆ ₹10,000 ಹಾಕಿ ₹15,000 ಪಡೆಯಬಹುದಿತ್ತು. ಈಗ ಪ್ರತಿ ನೂರಕ್ಕೆ ನಲವತ್ತು ಸೇರಿ ಹೋಗುವುದು ₹14,000. ಗೆದ್ದಾಗ ಸಿಗುವ 400ರಲ್ಲಿ ಸುಮಾರು 125 ಆದಾಯ ತೆರಿಗೆಗೆ. ಕಟ್ಟಿದ ನೂರೂ ಸೇರಿ ಮೂವತ್ತು ಗೆಲುವಿಗೆ ಕೈಗೆ ಬರುವುದು ಸುಮಾರು ₹11,250. ಇಷ್ಟು ಸೊಗಸಾದ ಬಾಜಿ ನಿಜದಲ್ಲಿ ಅಪರೂಪ, ಅದೂ ನಷ್ಟದ್ದೇ.

1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ಹೇಳಿತು. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಕೌಶಲ ಇದೆ ಎಂದಮಾತ್ರಕ್ಕೆ ಅದರಲ್ಲಿ ಸಂಪಾದನೆ ಇದೆ ಎಂದಾಗದು. ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ರೇಸು ಇರುವುದು ಸಿನಿಮಾ, ಹೋಟೆಲು ಇರುವ ಸಾಲಿನಲ್ಲಿ. ತಿಂಗಳಿಗೆ ಇಷ್ಟೆಂದು ತೆಗೆದಿಟ್ಟದ್ದು ಮುಗಿದರೆ ಆ ತಿಂಗಳು ಪೆನ್ಸಿಲ್ ಮಾತ್ರ. ಕೊನೆಯ ರೇಸಿನ ಹೊತ್ತಿಗೆ, ಹೋದದ್ದನ್ನೆಲ್ಲ ಒಂದೇ ಏಟಿಗೆ ವಾಪಸ್ ತರಬೇಕೆಂದು ದೂರದ ದರದ ಕುದುರೆಗೆ ಕಟ್ಟಿ, ಬಸ್ಸಿನ ದುಡ್ಡಿಗೂ ಕೈಚಾಚುವವರನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರ ಮನೆಯಲ್ಲಿ ಆ ದುಡ್ಡಿಗಾಗಿ ಯಾರೋ ಕಾಯುತ್ತಿರುತ್ತಾರೆ.

ನನ್ನ ಅಕ್ಕನ ಮಗ, "ಮಾವ, ನನಗೂ ಫಾರ್ಮ್ ಓದೋದು ಹೇಳಿಕೊಡಿ" ಎಂದು ಬಂದಾಗ ಒಂದು ಸೀಸನ್ ಪೂರ್ತಿ ಒಂದು ರೂಪಾಯಿಯನ್ನೂ ಕಟ್ಟದೆ ಶೇಕಡಾ ಬರೆಯುವ ಕೆಲಸ ಕೊಟ್ಟೆ. ಅವನು ಶೇ 30 ಎಂದ ಕುದುರೆಗಳನ್ನೆಲ್ಲ ಒಂದು ಕಡೆ ಹಾಕಿ, ಅವುಗಳಲ್ಲಿ ಹತ್ತಕ್ಕೆ ಮೂರು ಗೆದ್ದವೇ ಎಂದು ನೋಡಬೇಕು. ಐದು ಗೆದ್ದಿದ್ದರೂ ಲೆಕ್ಕ ತಪ್ಪಿದೆ ಎಂದೇ ಅರ್ಥ. ಮೈಸೂರಿನ ಡರ್ಬಿ ಮುಗಿದ ಮೇಲೆ ಪುಸ್ತಕ ತಂದು ತೋರಿಸಿದ. 40–65 ಗುಂಪಿನಲ್ಲಿ ಅವನ ಅಂಕಿಗಳು ಚೆನ್ನಾಗಿ ಕೂತಿದ್ದವು. 00–25 ಗುಂಪಿನಲ್ಲಿ ಚೆಲ್ಲಾಪಿಲ್ಲಿ, ಕೆಳದರ್ಜೆಯ ಕುದುರೆಗಳು ಒಂದು ವಾರ ಓಡಿದಂತೆ ಇನ್ನೊಂದು ವಾರ ಓಡುವುದಿಲ್ಲ. ಆ ಗುಂಪಿಗೆ ಶೇಕಡಾ ಬರೆಯುವುದನ್ನೇ ಅವನು ಈಗ ಬಿಟ್ಟಿದ್ದಾನೆ.